ಪುಸ್ತಕ ಮುಚ್ಚಿ ಓದುವ ಕಾಲ

ಹನ್ನೆರಡನೆಯ ತರಗತಿಯ ಬೋರ್ಡು ಪರೀಕ್ಷೆ ಮುಗಿದು, ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೆಲವೇ ವಾರಗಳು ಉಳಿದಾಗ ನಮ್ಮ ಚಾಳುಗಳಲ್ಲಿ ಒಂದು ನೋಟ ಸಾಮಾನ್ಯ. ಹೋಟೆಲಿನ ಕೊನೆಯ ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಬರುವ ತಂದೆ, ಖೋಲಿಯ ಮೂಲೆಯಲ್ಲಿ ಪುಸ್ತಕ ಹಿಡಿದು ತೂಕಡಿಸುತ್ತಿರುವ ಮಗನನ್ನೋ ಮಗಳನ್ನೋ ಕಂಡು ಹಿಗ್ಗುತ್ತಾನೆ. “ರಾತ್ರಿ ಎರಡರ ತನಕ ಓದುತ್ತಾನೆ” ಎಂದು ಮರುದಿನ ಜೊತೆಗಾರರಲ್ಲಿ ಹೇಳಿಕೊಳ್ಳುತ್ತಾನೆ. ಆ ಹಿಗ್ಗು ಸಹಜವಾದುದೇ. ಆದರೆ ಬಂಧುಗಳೇ, ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ: ಹಾಗೆ ತೂಕಡಿಸುತ್ತಾ ಓದಿದ ಓದು ಬಹುಮಟ್ಟಿಗೆ ನೀರಿನಲ್ಲಿಟ್ಟ ಹೋಮ.

ನಾವು ದುಡಿಯುವ ಜನ. ದುಡಿಮೆಯನ್ನು ಗಂಟೆಗಳಿಂದ ಅಳೆದು ನಮಗೆ ರೂಢಿ. ಅದೇ ಅಳತೆಗೋಲನ್ನು ಮಕ್ಕಳ ಓದಿಗೂ ಹಿಡಿಯುತ್ತೇವೆ. ಪರೀಕ್ಷೆ ಹತ್ತಿರ ಬಂದಾಗ ಎಷ್ಟು ಹೊತ್ತು ಕುಳಿತನೆಂಬುದು ಮುಖ್ಯವಲ್ಲ. ಪುಸ್ತಕ ಮುಚ್ಚಿದ ಮೇಲೆ ಎಷ್ಟನ್ನು ಹೇಳಬಲ್ಲನೆಂಬುದೇ ಮುಖ್ಯ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಒಂದು ಪಾಠವನ್ನು ಕಾಲೇಜು ವಿದ್ಯಾರ್ಥಿಗಳು ಒಮ್ಮೆ ಎರಡೆರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದು ಸಲ ಓದಿ, ಬಳಿಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಕಳೆದು ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು: ಶೇಕಡ 81 ನೆನಪಿತ್ತು, ಇನ್ನೊಂದು 75. ಆದರೆ ಒಂದು ವಾರ ಕಳೆದು ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು 42, ನೆನಪಿನಿಂದ ಬರೆದದ್ದರಲ್ಲಿ 56. ಪುಟ ತಿರುವಿದಾಗ ಎಲ್ಲವೂ ಬಂದಂತೆ ಕಾಣುತ್ತದೆ. ಪರೀಕ್ಷೆಯ ದಿನ ಕೈಕೊಡುತ್ತದೆ.

ಹೋಟೆಲಿನಲ್ಲಿ ದುಡಿದವರಿಗೆ ಈ ಗುಟ್ಟು ಹೊಸತಲ್ಲ. ಆರು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ಹೊತ್ತು ತರುವ ಸಪ್ಲಾಯರ್ ತಿಂಡಿಪಟ್ಟಿಯನ್ನು ನೂರು ಸಲ ಓದಿ ಕಲಿತವನಲ್ಲ. ಅಡಿಗೆಮನೆಯ ಕಿಂಡಿಯಲ್ಲಿ ಪ್ರತಿಸಲವೂ ಕೂಗಿ ಹೇಳಿ ಕಲಿತವನು.

ನಮ್ಮ ಮುಂಬಯಿಯ ಬಹಳಷ್ಟು ಮಕ್ಕಳು ಇಂಜಿನಿಯರಿಂಗಿಗಾಗಿ ಬರೆಯುವ ಮಹಾರಾಷ್ಟ್ರದ ಸಿ.ಇ.ಟಿ.ಯನ್ನೇ ತೆಗೆದುಕೊಳ್ಳಿ. ಈಚಿನ ವರ್ಷಗಳ ಕ್ರಮದಂತೆ ಗಣಿತದಲ್ಲಿ ತಲಾ ಎರಡು ಅಂಕದ 50 ಪ್ರಶ್ನೆಗಳು, ಸಮಯ 90 ನಿಮಿಷ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಸೇರಿ ತಲಾ ಒಂದು ಅಂಕದ 100 ಪ್ರಶ್ನೆಗಳು, ಅದಕ್ಕೂ 90 ನಿಮಿಷ. ಅಂದರೆ ಗಣಿತದ ಒಂದು ಪ್ರಶ್ನೆಗೆ 108 ಸೆಕೆಂಡು, ಉಳಿದವಕ್ಕೆ 54 ಸೆಕೆಂಡು. ಸುಮಾರು ನೂರಕ್ಕೆ ಎಂಬತ್ತು ಪಾಲು ಹನ್ನೆರಡನೆಯ ತರಗತಿಯ ಪಾಠದ್ದು, ಇಪ್ಪತ್ತು ಪಾಲು ಹನ್ನೊಂದನೆಯದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ವರ್ಷದ ಸೂಚನಾಪತ್ರವನ್ನು ಒಮ್ಮೆ ನೋಡಿ ಇವನ್ನು ಖಚಿತಪಡಿಸಿಕೊಳ್ಳಬೇಕು.

ಆದುದರಿಂದ ದಾರಿ ಸ್ಪಷ್ಟವಾಗಿದೆ. ಹೊಸ ಗೈಡು ಕೊಳ್ಳುವುದು ಬೇಡ. ಬೆಳಿಗ್ಗೆ ಗಡಿಯಾರವನ್ನು ಎದುರಿಗಿಟ್ಟು ಹಿಂದಿನ ಪ್ರಶ್ನೆಗಳನ್ನು ಬಿಡಿಸಲಿ. ಮಧ್ಯಾಹ್ನ ತಪ್ಪಿದ್ದನ್ನು ಹುಡುಕಲಿ. ಗಿರಣಿಯಲ್ಲಿ ಮಗ್ಗ ನಡೆಸಿದ ನಮ್ಮ ಹಿರಿಯರನ್ನು ಕೇಳಿ: ಎಳೆ ಕಡಿದ ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕದಿದ್ದರೆ ಇಡೀ ಬಟ್ಟೆ ಕೆಡುತ್ತಿತ್ತು. ತಪ್ಪಿದ ಲೆಕ್ಕವೂ ಹಾಗೆಯೇ. ಅದನ್ನು ಬೇರೆ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ಎರಡು ದಿನ ಬಿಟ್ಟು ಮತ್ತೆ ಬಿಡಿಸಲಿ, ವಾರ ಬಿಟ್ಟು ಇನ್ನೊಮ್ಮೆ. ರಾತ್ರಿ ಹನ್ನೊಂದಕ್ಕೆ ದೀಪ ಆರಲಿ. ನಿದ್ದೆಯಲ್ಲಿಯೇ ಕಲಿತದ್ದು ಮನಸ್ಸಿನಲ್ಲಿ ನೆಲೆಯೂರುತ್ತದೆ.

“ನಮಗೆ ಇಂಗ್ಲಿಷು ಬಾರದು, ನಾವೇನು ಸಹಾಯ ಮಾಡಬಲ್ಲೆವು?” ಎಂದು ಕೇಳುವ ತಾಯಿತಂದೆಗಳಿದ್ದಾರೆ. ಬಹಳ ಮಾಡಬಲ್ಲಿರಿ. ಉತ್ತರದ ಪುಟವನ್ನು ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ. ಮಗು ಉತ್ತರ ಹೇಳಲಿ, ಅಕ್ಷರ ಹೊಂದುತ್ತದೆಯೇ ನೋಡಿ. ಅಡಿಗೆ ಮಾಡುತ್ತಿರುವ ತಾಯಿಗೆ ಪಾಠವನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಲಿ. ಎಲ್ಲಿ ತಡವರಿಸಿತೋ ಅಲ್ಲಿ ಕಲಿತದ್ದು ಸಾಲದೆಂದು ಅದಕ್ಕೇ ತಿಳಿಯುತ್ತದೆ. ರಜೆಯಲ್ಲವೇ ಎಂದು ಈ ವಾರಗಳಲ್ಲಿ ಮಗನನ್ನು ಗಲ್ಲೆಯಲ್ಲಿ ಕೂರಿಸಬೇಡಿ. ಮಗಳ ಮೇಲೆ ಮನೆಗೆಲಸವನ್ನೆಲ್ಲ ಹೇರಬೇಡಿ. ನೆಂಟರಿಗೂ ಮುಂದಿನ ತಿಂಗಳು ಬರಹೇಳಿ.

ಇನ್ನು ನಮ್ಮ ಸಂಘಗಳ ಮಾತು. ಹತ್ತಡಿ ಖೋಲಿಯಲ್ಲಿ ಐದಾರು ಮಂದಿ ಇರುವಾಗ ಮಗು ಎಲ್ಲಿ ಕುಳಿತು ಮೂರು ಗಂಟೆಯ ಪರೀಕ್ಷೆ ಬರೆದು ನೋಡಬೇಕು? ಸಂಘಗಳ ಸಭಾಗೃಹಗಳು ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ. ಸನ್ಮಾನಕ್ಕೂ ವಾರ್ಷಿಕೋತ್ಸವಕ್ಕೂ ತೆರೆಯುವ ಬಾಗಿಲು ಆರು ವಾರ ಮಕ್ಕಳಿಗಾಗಿ ತೆರೆಯಬಾರದೇಕೆ? ಬೇಕಾದುದು ಬೆಂಚು, ಫ್ಯಾನು, ಗೋಡೆಗೊಂದು ಗಡಿಯಾರ, ಭಾನುವಾರ ಬಂದು ಕೂರುವ ಒಬ್ಬಿಬ್ಬರು ಕಲಿತ ಸದಸ್ಯರು. ಹಗಲು ಮೇಜು ಒರೆಸಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಸಮಾಜ ನಮ್ಮದು. ಆ ರಾತ್ರಿ ಶಾಲೆಗಳಿಗೆ ಅಂದು ಜಾಗ ಹೊಂದಿಸಿಕೊಟ್ಟವರು ಶ್ರೀಮಂತರೇ ಆಗಿರಲಿಲ್ಲ.

1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುದನ್ನು ನಮ್ಮ ಮನೆಗಳು ಕಂಡಿವೆ. ಒಂದೇ ಕೆಲಸ ಬಲ್ಲವನ ಕೈಯಿಂದ ಆ ಕೆಲಸ ಜಾರಿದರೆ ಏನಾಗುತ್ತದೆಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಕ್ಕಳಿಗೆ ಬೇರೊಂದು ಬಾಗಿಲು ತೆರೆಯುವ ಈ ಪರೀಕ್ಷೆಗೆ ಬೇಕಾದುದು ಮಕ್ಕಳ ನಿದ್ದೆಗೇಡಲ್ಲ, ಹಿರಿಯರ ಏರ್ಪಾಟು. ಸಭಾಗೃಹದ ಬೀಗದ ಕೈ ಯಾರ ಬಳಿ ಇದೆಯೋ ಅವರು ಈ ಭಾನುವಾರವೇ ಯೋಚಿಸಲಿ.