ಬಿಚ್ಚಿದ ಹಳೆಯ ಸಾಮಾನು ಎಲ್ಲಿ, ಸ್ವಾಮಿ?

ನಮ್ಮ ಜನ ಬದನೆಕಾಯಿಯನ್ನು ಹಿಂದೆಮುಂದೆ ತಿರುಗಿಸಿ, ಹುಳುಕಿದೆಯೇ ಎಂದು ನೋಡಿ, ಎರಡು ರೂಪಾಯಿಗೆ ಹತ್ತು ಮಾತಾಡಿ ಕೊಳ್ಳುತ್ತಾರೆ. ಅದೇ ಜನ ಕಂತಿನ ಮೇಲೆ ತಂದ ಮೋಟಾರ್ ಸೈಕಲ್ಲನ್ನು ಬೆಳಿಗ್ಗೆ ಸರ್ವಿಸಿಂಗಿಗೆ ಬಿಟ್ಟು, ಸಂಜೆ ಕೇಳಿದಷ್ಟು ಹಣ ತೆತ್ತು, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಾರೆ. ಇದಕ್ಕೆ ಸಭ್ಯತೆ ಎಂಬ ಹೆಸರು ಬೇರೆ!

ಮುಂಬಯಿ, ಪುಣೆಗಳ ನಮ್ಮ ಕುಟುಂಬಗಳಲ್ಲಿ 100 ಸಿ.ಸಿ. ಗಾಡಿ ಶೋಕಿಯ ವಸ್ತುವಲ್ಲ. ಹೋಟೆಲಿನ ಕೆಲಸ ಮುಗಿಸಿ ನಡುರಾತ್ರಿ ಮರಳುವವನು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು, ಭಿವಂಡಿಯ ಗೋದಾಮಿಗೆ ಹೋಗುವ ಗುಮಾಸ್ತ, ಇವರ ಅನ್ನ ಆ ಎರಡು ಚಕ್ರಗಳ ಮೇಲಿದೆ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರ ಮೇಲೆಯೇ.

1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಬಂದಾಗ, ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಸಾರಿತು. ಪೆಟ್ರೋಲಿನ ಮಟ್ಟಿಗೆ ಅದು ಸುಳ್ಳೇನಲ್ಲ; ಫೋರ್ ಸ್ಟ್ರೋಕಿನ ಆ ಪುಟ್ಟ ಎಂಜಿನ್ನು ಕುಡಿಯುವುದು ಬಲು ಕಡಿಮೆ. ನಾವು ಮಾತ್ರ ಗಾಡಿಯನ್ನೇ ಮರೆತೆವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರಿಗೆ ಈ ಭಾಗ್ಯವಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವುದು, ಪ್ಲಗ್ ಬಿಚ್ಚಿ ಮಸಿ ಉಜ್ಜುವುದು ಅವರಿಗೆ ಹಲ್ಲುಜ್ಜಿದಷ್ಟೇ ಸಹಜವಾಗಿತ್ತು.

ಮರೆತದ್ದರ ಫಲ ನೋಡಿ. ನಮ್ಮ ಸದಸ್ಯರೊಬ್ಬರ ಮಗ ಮಳೆಗಾಲಕ್ಕೆ ಮುಂಚೆ ಗಾಡಿಯನ್ನು ಕಂಪೆನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟ. ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಹೊಸ ಬ್ರೇಕ್ ಶೂ, ಚೈನ್ ಕ್ಲೀನಿಂಗ್ ಎಲ್ಲವೂ ಇದ್ದವು. ವಾರದೊಳಗೆ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ದೇವರು ದೊಡ್ಡವನು, ಎದುರಿಗಿದ್ದದ್ದು ಮರಳಿನ ರಾಶಿ. ರಸ್ತೆಬದಿಯ ಮೆಕ್ಯಾನಿಕ್ ಚಕ್ರ ಬಿಚ್ಚಿದರೆ ಒಳಗಿದ್ದದ್ದು ಸವೆದು ನುಣ್ಣಗಾದ ಹಳೆಯ ಶೂಗಳೇ. ಬಿಲ್ಲು ಹಿಡಿದು ಕೇಳಲು ಹೋದರೆ, ಕಂಪ್ಯೂಟರಿನಲ್ಲಿ ಬದಲಿಸಿದೆ ಎಂದೇ ಇದೆ ಎಂಬ ಉತ್ತರ ಬಂತು! ಅಂದೇ ಹಳೆಯ ಶೂಗಳನ್ನು ಕೈಗೆ ಕೊಡಿ ಎಂದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಸಿ.ಬಿ.ಎಸ್. ಇಲ್ಲವೇ ಎ.ಬಿ.ಎಸ್. ಕಡ್ಡಾಯ. ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ ಬರುವುದು ಸಿ.ಬಿ.ಎಸ್.; ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಒಂದಿಷ್ಟು ಹಿಡಿಯಬೇಕು. ಶೂ ಸವೆದು ಕೇಬಲ್ಲು ಜೋತುಬಿದ್ದಿದ್ದರೆ ಯಾವ ಕಾನೂನು ಗಾಡಿಯನ್ನು ನಿಲ್ಲಿಸೀತು? ಬಹಳಷ್ಟು ಗಾಡಿಗಳ ಡ್ರಮ್ಮಿನ ಹೊರಗೆ ಒಂದು ಪುಟ್ಟ ಬಾಣದ ಗುರುತಿರುತ್ತದೆ. ಬ್ರೇಕ್ ಒತ್ತಿದಾಗ ಅದು ಗೆರೆಯನ್ನು ಮುಟ್ಟಿದರೆ ಶೂಗಳ ಆಯುಷ್ಯ ತೀರಿತೆಂದೇ ಅರ್ಥ. ಇದನ್ನು ನೋಡಲು ಇಂಜಿನಿಯರಿಂಗ್ ಪದವಿ ಬೇಕೆ?

ಈಗಿನ ಗಾಡಿಯೆಲ್ಲ ಕಂಪ್ಯೂಟರ್, ನಮಗೇನು ತಿಳಿಯುತ್ತದೆ ಎನ್ನುವವರಿದ್ದಾರೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂದದ್ದು ನಿಜ. ಅದರ ದೋಷ ಹಿಡಿಯಲು ಸ್ಕ್ಯಾನರ್ ಬೇಕು, ಒಪ್ಪಿದೆವು. ಆದರೆ ಚೈನು ಒಣಗಿ ಕಿರುಗುಟ್ಟುವುದನ್ನು ಕೇಳಲು ಯಾವ ಸ್ಕ್ಯಾನರ್ ಬೇಕು? ಕೆಳಗಿನ ಚೈನನ್ನು ನಡುವೆ ಬೆರಳಿನಿಂದ ಎತ್ತಿ ಇಳಿಸಿ ನೋಡಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಆಡಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಪುಸ್ತಕದಲ್ಲಿದೆ. ಆ ಪುಸ್ತಕ ಎಷ್ಟು ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದಿಂದ ಹೊರಬಂದಿದೆಯೋ! ಎಣ್ಣೆ ಸವರಿದ ಕಾಗದದ ಏರ್ ಫಿಲ್ಟರಿಗೆ ಗಾಳಿ ಹೊಡೆಯಬಾರದು, ಕಾಲಕ್ಕೆ ಸರಿಯಾಗಿ ಬದಲಿಸಬೇಕು. ಇದು ತಿಳಿಯದ ನಾವು ಅದರ 'ಕ್ಲೀನಿಂಗ್'ಗೂ ಹಣ ಕೊಟ್ಟು ಬರುತ್ತೇವೆ.

ರಸ್ತೆಬದಿಯ ಮೆಕ್ಯಾನಿಕ್ ಹರಿಶ್ಚಂದ್ರನೆಂದು ನಾವು ವಾದಿಸುತ್ತಿಲ್ಲ. ನಕಲಿ ಸಾಮಾನು ಹಾಕುವವರು ಅಲ್ಲೂ ಇದ್ದಾರೆ. ವಾರಂಟಿ ಇರುವಷ್ಟು ದಿನ ಕಂಪೆನಿಯ ಕಡೆಗೇ ಹೋಗುವುದು ವಿವೇಕ. ಆದರೆ ಅವನು ನಿಮ್ಮ ಕಣ್ಣೆದುರು ಬಿಚ್ಚುತ್ತಾನೆ. ಗ್ರಾಹಕರಿಗೆ ಪ್ರವೇಶವಿಲ್ಲ ಎಂಬ ಫಲಕದ ಹಿಂದೆ ನಡೆಯುವುದನ್ನು ಯಾರು ಕಂಡಿದ್ದಾರೆ? ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ಲನ್ನೇ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಬಾಯಿ ತೆರೆಯದವನಿಗೆ ಇವೆರಡೂ ಪಂಚಾಂಗವಿದ್ದಂತೆ, ಗೋಡೆಗೆ ತೂಗುಹಾಕಲು ಲಾಯಕ್ಕು.

ಇನ್ನು ನಮ್ಮ ಸಂಘಗಳ ಮಾತು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸನ್ಮಾನಕ್ಕೆ ಎಷ್ಟು ಭಾನುವಾರಗಳು ಸಂದಿವೆಯೋ ಲೆಕ್ಕವಿಟ್ಟವರಿಲ್ಲ. ಒಂದೇ ಒಂದು ಭಾನುವಾರದ ಬೆಳಗ್ಗೆಯನ್ನು ನಮಗೆ ಕೊಡಿ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮಲ್ಲೇ ಇದ್ದಾರೆ. ಅವರಿಗೊಂದು ಸ್ಪ್ಯಾನರ್ ಕೊಟ್ಟು ಅಂಗಳದಲ್ಲಿ ಕೂರಿಸೋಣ. ಗಾಡಿ ಓಡಿಸುವ ಹುಡುಗರು ಬರಲಿ, ಹಿಂದೆ ಕೂರುವ ಅಕ್ಕತಂಗಿಯರೂ ಬರಲಿ. ಬಿದ್ದರೆ ನೋವು ಇಬ್ಬರಿಗೂ ಒಂದೇ. ಅಧ್ಯಕ್ಷರ ಭಾಷಣಕ್ಕೆ ಐದು ನಿಮಿಷ ಸಾಕು, ಅದೂ ಗಾಡಿಯ ಪಕ್ಕದಲ್ಲಿ ನಿಂತು. ಕೈ ಒರೆಸಲು ಹಳೆಯ ಬನಿಯನ್ನು ಮಾತ್ರ ಅವರವರ ಮನೆಯಿಂದಲೇ ತರಬೇಕು.