ತೆರಿಗೆ ಕಟ್ಟೋಣ, ಲೆಕ್ಕವನ್ನೂ ಕೇಳೋಣ

ನಲ್ಲಿಯಲ್ಲಿ ನೀರು ಬಾರದಿದ್ದರೆ ಪುರಸಭೆಯನ್ನು ಬೈಯುತ್ತೇವೆ. ಚರಂಡಿ ಕಟ್ಟಿಕೊಂಡರೂ ಬೈಯುತ್ತೇವೆ. ಆದರೆ ಪುರಸಭೆಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ನಮ್ಮಲ್ಲಿ ಕಡಿಮೆ. ಊರು ಬಿಟ್ಟು ಘಟ್ಟದ ಮೇಲೆ ಅಂಗಡಿ, ಹೋಟೆಲ್ ಇಟ್ಟುಕೊಂಡಿರುವ ನಮ್ಮವರಿಗಂತೂ ಇದು ತಿಳಿದಿರಲೇಬೇಕು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯನ್ನೇ ನೋಡೋಣ. 2011ರ ಜನಗಣತಿಯಲ್ಲಿ ಈ ನಾಲ್ಕೂ ಪಟ್ಟಣಗಳ ಜನಸಂಖ್ಯೆ 30 ಸಾವಿರದಿಂದ 40 ಸಾವಿರದ ಒಳಗಿತ್ತು. ದೊಡ್ಡ ಕಾರ್ಖಾನೆಗಳಿಂದ ತೆರಿಗೆ ಬರುವ ಊರುಗಳಲ್ಲ ಇವು. ಹಿಂದೆ ಇಂಥ ಊರುಗಳಿಗೆ ಜಕಾತಿ ನಾಕಾದ ಆದಾಯವಿತ್ತು. 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ರದ್ದಾಯಿತು. ಅಲ್ಲಿಂದೀಚೆಗೆ ಸಣ್ಣ ಪಟ್ಟಣಗಳು ಸರಕಾರದ ಅನುದಾನದ ದಾರಿ ಕಾಯುವುದೇ ಹೆಚ್ಚು.

ಅನುದಾನ ಬಂದರೆ ಸಾಲದೇ ಅಂತ ಕೇಳಬಹುದು. ಬರುವ ದುಡ್ಡಿಗೆ ಮೊದಲೇ ಹೆಸರು ಬರೆದಿರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ ಇಷ್ಟು, ವಿದ್ಯುತ್ತಿಗೆ ಇಷ್ಟು ಎಂದು ಬೇರೆ ಬೇರೆ ಇರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಸಣ್ಣ ಪಟ್ಟಣಗಳ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಜೊತೆಗೆ ಎರಡು ಷರತ್ತು: ಲೆಕ್ಕಪತ್ರ ಜನರ ಮುಂದೆ ಇಡಬೇಕು, ಆಸ್ತಿ ತೆರಿಗೆ ವಸೂಲಿ ಹೆಚ್ಚಬೇಕು.

ಹಾಗಾದರೆ ಊರು ತಾನೇ ಯೋಚಿಸಿ ಖರ್ಚು ಮಾಡಬಹುದಾದ ದುಡ್ಡು ಯಾವುದು? ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ ಶುಲ್ಕ, ಸಂತೆಯ ಶುಲ್ಕ. ಇದು ಬಾಕಿ ಉಳಿದಷ್ಟೂ ಕೆಟ್ಟ ಪಂಪು ರಿಪೇರಿ ಆಗುವುದು ತಡ, ಓಣಿಯ ದೀಪ ಉರಿಯುವುದು ತಡ. ಟ್ಯಾಂಕರ್ ನೀರಿಗೆ ದುಡ್ಡು ಕೊಡಲಾಗದ ಬಡವರ ಮನೆಗೇ ಮೊದಲ ಪೆಟ್ಟು.

ಕಟ್ಟದೆ ಉಳಿಸಿದ್ದೂ ಲಾಭವಲ್ಲ. ಆಸ್ತಿ ತೆರಿಗೆಯನ್ನು ಏಪ್ರಿಲಿನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. 2,000 ರೂಪಾಯಿ ತೆರಿಗೆಗೆ ಮೊದಲೇ ಕಟ್ಟಿದವನಿಗೆ 100 ರೂಪಾಯಿ ಉಳಿತಾಯ, ತಡ ಮಾಡಿದವನಿಗೆ ತಿಂಗಳಿಗೆ 40 ರೂಪಾಯಿ ಹೊರೆ.

ಇನ್ನು ರಸೀದಿಯನ್ನು ಸರಿಯಾಗಿ ಓದಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿರುತ್ತದೆ. ಈ ದುಡ್ಡು ಪುರಸಭೆಯದಲ್ಲ, ಅದು ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟಬೇಕಾದದ್ದು. ಕಟ್ಟಿದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ವಿಕಲಚೇತನರಿಗೆ ಶೇ 5ರಷ್ಟು ಹಣ ತೆಗೆದಿಡಬೇಕು. ನಮ್ಮ ಬಡ ಮನೆಗಳ ಮಕ್ಕಳಿಗೂ ಈ ಶೇ 7.25ರಲ್ಲಿ ಪಾಲಿದೆ. ಅರ್ಜಿ ಹಾಕುವವರಿಲ್ಲದಿದ್ದರೆ ಸಿಗುವುದು ಹೇಗೆ?

ಬಜೆಟ್‌ಗೆ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು. ಜಮಾಅತ್‌ನ ಲೆಕ್ಕ ಓದುವಾಗ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದರೂ ಎದ್ದು ನಿಂತು ಕೇಳುವವರು ನಾವು. ಊರಿನ ಕೋಟಿಗಟ್ಟಲೆ ಲೆಕ್ಕದ ಮುಂದೆ ಬಾಯಿ ಮುಚ್ಚಿ ಕೂರುವುದು ಯಾವ ನ್ಯಾಯ?

ಈ ವರ್ಷ ಪ್ರತಿ ಮೊಹಲ್ಲಾದಿಂದ ನಾಲ್ಕು ಜನ, ಅದರಲ್ಲಿ ಹೆಂಗಸರೂ ಇರಲಿ, ಆ ಸಭೆಗೆ ಹೋಗಲಿ. ಕೈಯಲ್ಲಿ ತೆರಿಗೆ ಕಟ್ಟಿದ ರಸೀದಿ ಇರಲಿ. ಬಾಕಿ ಇಟ್ಟುಕೊಂಡವನ ಮಾತಿಗಿಂತ ರಸೀದಿ ಹಿಡಿದವನ ಮಾತಿಗೆ ತೂಕ ಹೆಚ್ಚು.