ಒಂದೇ ದಾರಿ, ನಾಲ್ಕು ದರ

ಪುಣೆಯಲ್ಲಿರುವ ನಮ್ಮಂಥವರ ಮನೆಗೆ ಊರಿಂದ ಹಿರಿಯರು ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಮೊಮ್ಮಕ್ಕಳನ್ನು ನೋಡಲು, ಇಲ್ಲವೇ ದೊಡ್ಡ ಆಸ್ಪತ್ರೆಗೆ ತೋರಿಸಲು. ಬರುವಾಗ ರೈಲೋ ಬಸ್ಸೋ ಸಾಕು. ಹೋಗುವಾಗ ಕೂತು ಹೋಗಲು ಆಗದಿದ್ದರೆ?

ನಮ್ಮ ಸೋದರಮಾವನಿಗೆ ಎಪ್ಪತ್ತೆರಡು. ಪಾರ್ಶ್ವವಾಯು, ಅದರ ಮೇಲೆ ನ್ಯುಮೋನಿಯಾ, ಹದಿನೆಂಟು ದಿನ ಆಸ್ಪತ್ರೆ. ಮುಂದಿನದನ್ನು ಧಾರವಾಡದಲ್ಲೇ ನೋಡಿಕೊಳ್ಳಬಹುದು, ಆದರೆ ದಾರಿಯುದ್ದಕ್ಕೂ ನಿಮಿಷಕ್ಕೆ 4 ಲೀಟರ್ ಆಕ್ಸಿಜನ್ ಬೇಕು ಎಂದರು ಡಾಕ್ಟರು. ಮಾಮಾನದು ತೊದಲುತ್ತಲೇ ಒಂದು ಮಾತು: "ನನ್ನ ಊರಿಗೆ ಒಯ್ಯೋ."

108 ಉಚಿತ ನಿಜ, ಅದು ಇರುವುದು ತುರ್ತಿಗೆ. ಡಿಸ್ಚಾರ್ಜ್ ಆದವರನ್ನು 400 ಕಿಲೋಮೀಟರ್ ಆಚೆ ಬಿಡಲು ಖಾಸಗಿಯವರೇ ಗತಿ. ಪುಣೆಯ ಮೂವರಿಗೆ ಫೋನು ಮಾಡಿದೆ. 14,000, 21,500, 28,000. ಐಟಿ ಬುದ್ಧಿ, ತಕ್ಷಣ ಎಕ್ಸೆಲ್ ತೆರೆದೆ. ಮಾಮಿ ಹೇಳಿದರು, "ದುಡ್ಡಿನ ಮಾರಿ ನೋಡಬ್ಯಾಡಪಾ, ಹಂಗಂತ ಮೋಸಾನೂ ಹೋಗಬ್ಯಾಡ."

ಮೂವರೂ ಮಾರುತ್ತಿದ್ದುದು ಒಂದೇ ಸರಕಲ್ಲ. ಎಐಎಸ್-125 ಎಂಬ ಮಾನದಂಡದಲ್ಲಿ ಆಂಬ್ಯುಲೆನ್ಸಿಗೆ ನಾಲ್ಕು ವರ್ಗಗಳಿವೆ. ಎ ವರ್ಗದ್ದು ರೋಗಿಯನ್ನು ಸಾಗಿಸುವುದೇ ಇಲ್ಲ, ಮೊದಲು ತಲುಪಿ ಉಪಚರಿಸುತ್ತದೆ. ಬಿ ಬರೀ ಸಾಗಣೆಗೆ, ಸಿ ಬೇಸಿಕ್ ಲೈಫ್ ಸಪೋರ್ಟ್, ಡಿ ಅಡ್ವಾನ್ಸ್‌ಡ್. ಗಾಜಿನ ಮೇಲೆ ಕೆಂಪಕ್ಷರದಲ್ಲಿ 'ಕಾರ್ಡಿಯಾಕ್' ಎಂದು ಅಂಟಿಸಿದ ಮಾತ್ರಕ್ಕೆ ಯಾವುದೂ ಡಿ ಆಗುವುದಿಲ್ಲ. ಯಾವುದು ಬೇಕೆಂದು ಹೇಳಬೇಕಾದವರು ಚಿಕಿತ್ಸೆ ಕೊಟ್ಟ ಡಾಕ್ಟರು, ಗಾಡಿಯವನಲ್ಲ. ನಮ್ಮವರು ಸಿ ಸಾಕು, ನರ್ಸ್ ಇರಲೇಬೇಕು ಎಂದರು.

ಇನ್ನು ಆಕ್ಸಿಜನ್ ಲೆಕ್ಕ. ನಿಮಿಷಕ್ಕೆ 4 ಎಂದರೆ ತಾಸಿಗೆ 240 ಲೀಟರ್. ಒಂಬತ್ತು ತಾಸಿಗೆ 2,160. 14,000ದವನ ಗಾಡಿಯಲ್ಲಿದ್ದದ್ದು ಒಂದೇ ಬಿ-ಟೈಪ್ ಸಿಲಿಂಡರ್, ತುಂಬಿದ್ದರೆ ಸುಮಾರು 1,500 ಲೀಟರ್. ಆರು ತಾಸಿಗೆ ಮುಗಿಯಿತು, ಅಂದರೆ ಸಂಕೇಶ್ವರದ ಆಸುಪಾಸು. "ಬೀಚ್ ಮೇ ಭರ್ ಲೇಂಗೆ" ಅಂದ. ಎಲ್ಲಿ ಅಂದರೆ ಉತ್ತರವಿಲ್ಲ. ಅವನ ಹೆಸರು ಅಲ್ಲೇ ಅಳಿಸಿದೆ.

28,000ದವನು ಡಾಕ್ಟರೇ ಬರುತ್ತಾರೆ ಅಂದ. ಯಾರು, ನೋಂದಣಿ ಸಂಖ್ಯೆ ಏನು ಎಂದರೆ "ಡ್ಯೂಟಿ ಮೇಲೆ ಯಾರಿರ್ತಾರೋ ಅವರು". ಅವನ ಕೊಟೇಶನ್ನಿನಲ್ಲಿ ಟೋಲ್ ಬೇರೆ, ಜಿಎಸ್‌ಟಿ ಬೇರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಆಂಬ್ಯುಲೆನ್ಸಿಗೆ ಟೋಲ್ ಇಲ್ಲ. ಆಂಬ್ಯುಲೆನ್ಸಿನಲ್ಲಿ ರೋಗಿಯನ್ನು ಸಾಗಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿಯೂ ಇದೆ. ಕೇಳಿದೆ. ಹತ್ತು ನಿಮಿಷದಲ್ಲಿ ಆ ಎರಡೂ ಸಾಲಿಲ್ಲದ ಹೊಸ ಕೊಟೇಶನ್ ಬಂತು! ಡಾಕ್ಟರ ಹೆಸರು ಮಾತ್ರ ಬರಲಿಲ್ಲ.

ಎಲ್ಲರೂ ಹೋಗಿಬರುವ ಕಿಲೋಮೀಟರ್ ಎರಡಕ್ಕೂ ಹಣ ಹಿಡಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ವಾಪಸ್ ಖಾಲಿ ಗಾಡಿ ಓಡಿಸುವವನಿಗೂ ಡೀಸೆಲ್ ಬೇಕಲ್ಲ. ಹಾಗಾದರೆ ಅತ್ತಲಿಂದ ರೋಗಿಯನ್ನು ತಂದು ಖಾಲಿ ಮರಳುವ ಗಾಡಿ ಇರಲೇಬೇಕಲ್ಲ? ಹುಬ್ಬಳ್ಳಿಯಲ್ಲಿರುವ ತಮ್ಮ ಅಲ್ಲಿನ ನಾಲ್ಕು ಕಡೆ ಕೇಳಿದ. ಎರಡು ದಿನ ಕಾದರೆ ಒಂದಿದೆ ಅಂದರು. ಬೇಸಿಕ್ ಗಾಡಿ, ಎರಡು ಬಿ-ಟೈಪ್, ನರ್ಸ್, 19,000. ಆಸ್ಪತ್ರೆಯವರು ಎರಡು ದಿನ ಇರಿಸಿಕೊಳ್ಳಲು ಒಪ್ಪಿದ್ದರಿಂದ ಸರಿಹೋಯಿತು. ಆ ಹಾಸಿಗೆ ಬಾಡಿಗೆಯನ್ನೂ ಕೂಡಿಸಿದರೆ ಉಳಿತಾಯ ಏನೂ ಇಲ್ಲ. ಆದರೆ ಡ್ರೈವರ್, ನರ್ಸ್ ಇಬ್ಬರೂ ನಮ್ಮ ಕಡೆಯವರು, ಮಾಮಾನ ತೊದಲು ಮಾತು ಅವರಿಗೆ ತಿಳಿಯುತ್ತದೆ. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.

ಗಾಡಿ ನಂಬರು, ಸಿಲಿಂಡರ್ ಎಷ್ಟು, ಒಳಗೆ ಎಷ್ಟು ಜನ ಕೂರಬಹುದು, ತಡವಾದರೆ ತಾಸಿಗೆ ಎಷ್ಟು, ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಹಾಕಿದೆ. ಹೊರಡುವ ಮುನ್ನ ಎರಡೂ ಸಿಲಿಂಡರಿನ ಮೀಟರ್ ನೋಡಿದೆ. ಮುಳ್ಳು 150ರ ಹತ್ತಿರ ಇತ್ತು.

ಆರಕ್ಕೆ ಹೊರಡಬೇಕಿತ್ತು, ಡಿಸ್ಚಾರ್ಜ್ ಕಾಗದ ಕೈಗೆ ಬರುವಾಗ ಎಂಟಾಯಿತು. ವೇಟಿಂಗ್ ಎಂದು 600 ಹೆಚ್ಚಿಗೆ ಹೋಯಿತು, ಬರೆದುಕೊಟ್ಟ ದರದಂತೆಯೇ. ಎರಡರ ಮೇಲೆ, ಸಂಕೇಶ್ವರ ದಾಟುವಾಗ, ನರ್ಸ್ ಎರಡನೇ ಸಿಲಿಂಡರಿಗೆ ಪೈಪು ಬದಲಿಸಿದರು. ಮಾಮಾ ನಿದ್ದೆಯಲ್ಲಿದ್ದರು.